ಬಸಿಗಾಲುವೆಯಲ್ಲಿ ಕಿತ್ತಳೆ ಲೋಳೆ, ಎಣ್ಣೆಯಂಥ ಪೊರೆ, ಮಣ್ಣಲ್ಲಿ ಕಲ್ಲಿನ ಕೊಳವೆ: ಇದೇನು?

ನಾಲೆಬದು (ಮದ್ದೂರು ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ಕಲ್ಲು, ಮಣ್ಣು ತಿಳಿದವರು ಇಲ್ಲಿದ್ದೀರಿ ಅಂತ ಕೇಳುತ್ತಿದ್ದೇನೆ.

ನಮ್ಮದು ವಿ.ಸಿ. (ವಿಶ್ವೇಶ್ವರಯ್ಯ) ನಾಲೆ ಬಯಲು. ಭತ್ತ, ಪಕ್ಕದಲ್ಲಿ ಸ್ವಲ್ಪ ಕಬ್ಬು. ಗದ್ದೆ ತಗ್ಗಿನಲ್ಲಿದೆ. ಮೇಲಿನ ಗದ್ದೆಗಳ ನೀರೆಲ್ಲ ನಮ್ಮ ಬದುವಿನ ಕೆಳಗೇ ಬಸಿಯುತ್ತದೆ. ಅದಕ್ಕೇ ಅಪ್ಪನ ಕಾಲದಿಂದಲೂ ಅಲ್ಲೊಂದು ಬಸಿಗಾಲುವೆ ಇದೆ. ನಾಟಿ ಆಗಿ ನೀರು ನಿಂತ ಮೇಲೆ, ಈ ಕಾಲುವೆಯ ಮಗ್ಗುಲಲ್ಲಿ ನೀರು ಜಿನುಗುವ ಕಡೆಯೆಲ್ಲ ಕಿತ್ತಳೆ ಬಣ್ಣದ ಲೋಳೆ ಕಟ್ಟುತ್ತದೆ. ಹಿಂಜಿದ ಹತ್ತಿಯ ಹಾಗೆ ನೀರಲ್ಲಿ ಅಲ್ಲಾಡುತ್ತಿರುತ್ತದೆ, ಕೈ ಹಾಕಿದರೆ ಕದಡಿ ಹೋಗುತ್ತದೆ. ನೀರಿನ ಮೇಲೆ ತೆಳ್ಳಗೆ ಪೊರೆ, ಬಿಸಿಲು ಬಿದ್ದರೆ ನೀಲಿ, ನೇರಳೆ, ಹಳದಿ ಎಲ್ಲ ಹೊಳೆಯುತ್ತದೆ.

ಈ ಸಲ ಕಾಲುವೆ ಹೂಳೆತ್ತಿಸಿ ಸ್ವಲ್ಪ ಆಳ ಮಾಡಿಸಿದೆವು. ಆಗ ಬೂದು ಬಣ್ಣದ ಜೇಡಿಯೊಳಗೆ ಕಂದು ಬಣ್ಣದ ಗಟ್ಟಿ ಕೊಳವೆಗಳು ಸಿಕ್ಕವು. ಕಿರುಬೆರಳ ದಪ್ಪ, ನಡುವೆ ತೂತು. ಉಗುರಲ್ಲಿ ಕೆರೆದರೆ ಏನೂ ಆಗುವುದಿಲ್ಲ, ಕಲ್ಲೇ.

ಮೇಲುಗಡೆ ಗದ್ದೆಯವರ ಪಂಪ್‌ಸೆಟ್ ಶೆಡ್ ನಮ್ಮ ಬದುವಿಗೆ ಹತ್ತಿರ ಇದೆ. ನನ್ನ ತಮ್ಮ ಇದು ಅವರ ಡೀಸೆಲ್ಲೇ ಅಂತ ಹಟ ಹಿಡಿದು ಕೂತಿದ್ದಾನೆ, ಪಂಚಾಯಿತಿಗೆ ಹೋಗೋಣ ಅನ್ನುತ್ತಾನೆ. ನನ್ನ ಮಗಳು ಸೆಕೆಂಡ್ ಪಿಯುಸಿ. ಅವಳು ಲೋಳೆಯನ್ನು ಬಾಟಲಿಯಲ್ಲಿ ತುಂಬಿಕೊಂಡು ಕಾಲೇಜಿಗೆ ಹೋಗಿದ್ದಳು. ಅಲ್ಲಿನ ಮೇಡಂ ಇದು ಬ್ಯಾಕ್ಟೀರಿಯಾ ಕೆಲಸ, ಆ ಕೊಳವೆಯೂ ಹಾಗೇ ಆಗಿರಬಹುದು ಅಂದರಂತೆ. ಬ್ಯಾಕ್ಟೀರಿಯಾ ರೋಗ ತರುತ್ತದೆ, ಹಾಲು ಹೆಪ್ಪು ಹಾಕುತ್ತದೆ, ಅಷ್ಟು ಗೊತ್ತು. ಕಲ್ಲು ಮಾಡುತ್ತದೆ ಅಂದರೆ ಹೇಗೆ? ಪಕ್ಕದವರ ಜೊತೆ ಮನಸ್ತಾಪ ಆಗುವ ಮುಂಚೆ ನನಗೆ ಸರಿಯಾಗಿ ತಿಳಿಯಬೇಕು.

ಬೋರ್‌ಮೋಟಾರ್ (ಮಂಡ್ಯ)

ಅಣ್ಣ, ಮೊದಲು ಒಂದು ಕೆಲಸ ಮಾಡಿ. ಒಂದು ಕಡ್ಡಿ ತಗೊಂಡು ಆ ಪೊರೆಯನ್ನು ಚುಚ್ಚಿ. ಡೀಸೆಲ್ ಆಗಿದ್ದರೆ ಸೀಳಿದ ಕಡೆ ಮತ್ತೆ ಹರಿದು ಬಂದು ಕೂಡಿಕೊಳ್ಳುತ್ತದೆ. ನೀರಲ್ಲಿ ಕರಗಿದ್ದ ಕಬ್ಬಿಣದಿಂದ ಆದ ಪೊರೆ ಆಗಿದ್ದರೆ ಚೂರು ಚೂರಾಗಿ, ಮೂಲೆ ಮೂಲೆಯಾಗಿ ಒಡೆದು ಹಾಗೇ ತೇಲುತ್ತದೆ, ಕೂಡುವುದಿಲ್ಲ. ಮೂಸಿಯೂ ನೋಡಿ. ಡೀಸೆಲ್ ವಾಸನೆ ಮುಚ್ಚಿಡಲು ಆಗುವುದಿಲ್ಲ ಅಲ್ವಾ.

ನಾನು ಬೋರ್‌ವೆಲ್ ಮೋಟಾರ್ ಎತ್ತುವ ಕೆಲಸದಲ್ಲಿದ್ದೇನೆ. ಕೆಲವು ಬೋರಿನಲ್ಲಿ ಪೈಪು ಮೇಲೆ ಬರುವಾಗ ಇದೇ ಕಿತ್ತಳೆ ಲೋಳೆ ಮೆತ್ತಿಕೊಂಡಿರುತ್ತದೆ. ಮೋಟಾರಿನ ಜಾಲರಿ ಕಟ್ಟಿಕೊಳ್ಳುತ್ತದೆ, ನೀರು ಕಮ್ಮಿ ಆಗುತ್ತದೆ. ಬ್ಲೀಚಿಂಗ್ ಪುಡಿ ಕರಗಿಸಿ ಬಿಟ್ಟು, ಒಂದು ರಾತ್ರಿ ಹಾಗೇ ಇಟ್ಟು, ಆಮೇಲೆ ನೀರು ಹೊರಗೆ ಹೊಡೆದರೆ ಹೋಗುತ್ತದೆ. ಸ್ವಲ್ಪ ಕಾಲಕ್ಕೆ ಮತ್ತೆ ಬರುತ್ತದೆ. ಬರೀ ತುಕ್ಕಾಗಿದ್ದರೆ ಬ್ಲೀಚಿಂಗಿಗೆ ಹೋಗುತ್ತಿರಲಿಲ್ಲ. ಜೀವ ಇರುವುದಕ್ಕೇ ಅದು ಸಾಯುತ್ತದೆ, ಮತ್ತೆ ಬೆಳೆಯುತ್ತದೆ. ಹಳೇ ಪೈಪಿನ ಒಳಗೆ ಅದೇ ಲೋಳೆ ಒಣಗಿ ಗಟ್ಟಿ ಪೊರೆ ಕಟ್ಟಿರುವುದನ್ನು ಸುತ್ತಿಗೆಯಲ್ಲಿ ಹೊಡೆದು ತೆಗೆದಿದ್ದೇನೆ.

ಕಪಿಲೆ (ನಂಜನಗೂಡು)

ಕಬ್ಬಿಣ ಕರಗಿರುವ ನೀರು ಗಾಳಿಗೆ ಬಂದರೆ ತಾನೇ ತುಕ್ಕಾಗುತ್ತದೆ. ನಾನು ಓದಿದ್ದು ಕೆಮಿಸ್ಟ್ರಿ. ನೀರು ತಟಸ್ಥವಾಗಿದ್ದು ಗಾಳಿ ಚೆನ್ನಾಗಿ ಸಿಕ್ಕರೆ ಕೆಲವೇ ನಿಮಿಷದ ಕೆಲಸ. ಅದಕ್ಕೆ ಬ್ಯಾಕ್ಟೀರಿಯಾ ಯಾಕೆ ಬೇಕು? ಲೋಳೆಯಲ್ಲಿ ಬ್ಯಾಕ್ಟೀರಿಯಾ ಇರಬಹುದು, ಎಲ್ಲ ಕೊಳಕು ನೀರಲ್ಲೂ ಇರುತ್ತದೆ. ಇದ್ದ ಮಾತ್ರಕ್ಕೆ ಅದೇ ಮಾಡಿದ್ದು ಅಂತ ಹೇಳುವುದು ಹೇಗೆ?

ಶಿಲಾಪದರ (ಕುವೆಂಪುನಗರ, ಮೈಸೂರು)

ಕಪಿಲೆ ಅವರ ಪ್ರಶ್ನೆ ಬಹಳ ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಕೊಟ್ಟರೆ ನಾಲೆಬದು ಅವರ ಪ್ರಶ್ನೆಗೂ ಉತ್ತರ ಸಿಗುತ್ತದೆ. ನಾನು ಕಾಲೇಜಿನಲ್ಲಿ ಭೂವಿಜ್ಞಾನ ಪಾಠ ಮಾಡಿ ನಿವೃತ್ತಿಯಾದವಳು. ಈ ವಿಷಯ ನನಗೆ ತುಂಬ ಇಷ್ಟದ್ದು, ಸ್ವಲ್ಪ ಉದ್ದ ಬರೆಯುತ್ತೇನೆ.

ನಿಮ್ಮ ಗದ್ದೆಯಿಂದಲೇ ಶುರು ಮಾಡೋಣ. ನಮ್ಮ ಕಡೆಯ ಕೆಂಪು ಮಣ್ಣಿನ ಕೆಂಪು ಬಣ್ಣವೇ ತುಕ್ಕು ಹಿಡಿದ ಕಬ್ಬಿಣದ್ದು. ಈ ಕಬ್ಬಿಣ ನೀರಲ್ಲಿ ಕರಗುವುದಿಲ್ಲ. ಆದರೆ ಗದ್ದೆಗೆ ನೀರು ಕಟ್ಟಿ ಕೆಸರು ಮಾಡಿದಾಗ ಮಣ್ಣಿನೊಳಗೆ ಗಾಳಿ ಹೋಗುವುದು ನಿಂತುಹೋಗುತ್ತದೆ. ಒಳಗಿದ್ದ ಸ್ವಲ್ಪ ಆಮ್ಲಜನಕವನ್ನು ಅಲ್ಲಿರುವ ಜೀವಿಗಳು ಬೇಗ ಖಾಲಿ ಮಾಡುತ್ತವೆ. ಆಮೇಲೆ ಬದುಕುವುದು ಬೇರೆ ಗುಂಪು. ನಾವು ಉಸಿರಾಟಕ್ಕೆ ಆಮ್ಲಜನಕ ಬಳಸುವ ಕಡೆ ಇವು ತುಕ್ಕನ್ನೇ ಬಳಸುತ್ತವೆ. ಕೊಳೆತ ಹುಲ್ಲು, ಗೊಬ್ಬರ ತಿಂದು, ಅದರಿಂದ ಬಂದ ಎಲೆಕ್ಟ್ರಾನನ್ನು ಕಬ್ಬಿಣಕ್ಕೆ ದಾಟಿಸುತ್ತವೆ. ಆಗ ಗಟ್ಟಿ ತುಕ್ಕು ಕರಗುವ ಕಬ್ಬಿಣವಾಗುತ್ತದೆ, ಮಣ್ಣಿನ ಕೆಂಪು ಹೋಗಿ ಬೂದು ಬಣ್ಣ ಬರುತ್ತದೆ. ನೀವು ಬಸಿಗಾಲುವೆಯಲ್ಲಿ ಕಂಡ ಬೂದು ಜೇಡಿ ಇದೇ.

ಇಂಥ ಒಂದು ಬ್ಯಾಕ್ಟೀರಿಯಾ ಅಮೆರಿಕದ ಪೊಟೊಮ್ಯಾಕ್ ನದಿಯ ಕೆಸರಿನಿಂದ ಸಿಕ್ಕಿತು. ಇಂದು ಅದರ ಹೆಸರು ಜಿಯೋಬ್ಯಾಕ್ಟರ್. ತುಕ್ಕನ್ನು ಉಸಿರಾಡಿದ ಮೇಲೆ ಅದರ ಸುತ್ತ ಮ್ಯಾಗ್ನಟೈಟ್ ಹರಳುಗಳು ರಾಶಿ ಬೀಳುತ್ತವೆ ಅಂತ 1987ರಲ್ಲಿ ಡೆರೆಕ್ ಲವ್ಲಿ ಮತ್ತು ಜೊತೆಗಾರರು ತೋರಿಸಿದರು. ಅಯಸ್ಕಾಂತಕ್ಕೆ ಅಂಟುವ ಕಪ್ಪು ಅದಿರು, ಅದೇ ಮ್ಯಾಗ್ನಟೈಟ್. ಒಂದು ಜೀವಿ ಉಸಿರಾಡಿದ್ದರ ಉಳಿಕೆ ಖನಿಜವಾಗಿ ಬೀಳುತ್ತದೆ. ಈ ಮಾತು ಮನಸ್ಸಿಗೆ ಹತ್ತಿದರೆ ಮಿಕ್ಕದ್ದೆಲ್ಲ ಸುಲಭ. ಬಹುಪಾಲು ಬ್ಯಾಕ್ಟೀರಿಯಾ ಕಲ್ಲು ಮಾಡಬೇಕು ಅಂತ ಮಾಡುವುದಿಲ್ಲ. ಅದು ತನ್ನ ಬದುಕು ಬದುಕುತ್ತದೆ, ಅದರಿಂದ ಸುತ್ತಲಿನ ನೀರಿನ ಗುಣ ಬದಲಾಗುತ್ತದೆ, ಖನಿಜ ತಾನಾಗಿ ಬೀಳುತ್ತದೆ.

ಬೇಕು ಅಂತಲೇ ಮಾಡುವವೂ ಇವೆ. ಕೆಲವು ಬ್ಯಾಕ್ಟೀರಿಯಾ ತಮ್ಮ ದೇಹದೊಳಗೆ ಮ್ಯಾಗ್ನಟೈಟ್ ಹರಳುಗಳನ್ನು ಒಂದೇ ಅಳತೆಯಲ್ಲಿ, ಸಾಲಾಗಿ ಜೋಡಿಸಿಕೊಂಡು ದಿಕ್ಕು ಹಿಡಿದು ಈಜುತ್ತವೆ. ರಿಚರ್ಡ್ ಬ್ಲೇಕ್‌ಮೋರ್ 1975ರಲ್ಲಿ ಇದನ್ನು ಪ್ರಕಟಿಸಿದರು. ಆದರೆ ನಿಮ್ಮ ಕಾಲುವೆಯ ಕಥೆ ಅದಲ್ಲ.

ಈಗ ಆ ಕರಗಿದ ಕಬ್ಬಿಣ ನೀರಿನ ಜೊತೆ ಬಸಿದು ನಿಮ್ಮ ಕಾಲುವೆಯ ಮಗ್ಗುಲಿಗೆ ಬರುತ್ತದೆ. ಅಲ್ಲಿ ಮತ್ತೆ ಗಾಳಿ ಸಿಗುತ್ತದೆ. ಕಪಿಲೆ ಅವರು ಹೇಳಿದ ಹಾಗೆ ಗಾಳಿ ಜಾಸ್ತಿ ಇದ್ದರೆ ಕಬ್ಬಿಣ ತಾನೇ ತುಕ್ಕಾಗುತ್ತದೆ. ಆದರೆ ನೀರು ಜಿನುಗುವ ಬಾಯಲ್ಲಿ ಆಮ್ಲಜನಕ ಬಹಳ ಕಮ್ಮಿ. ಅಲ್ಲಿ ತಾನಾಗಿ ತುಕ್ಕಾಗುವುದು ನಿಧಾನ. ಆ ಸಣ್ಣ ಅಂತರದಲ್ಲೇ ಕಬ್ಬಿಣದ ಬ್ಯಾಕ್ಟೀರಿಯಾ ಬದುಕುವುದು. ಗ್ಯಾಲಿಯೊನೆಲ್ಲ ಅನ್ನುವುದು ಕಬ್ಬಿಣವನ್ನು ತುಕ್ಕು ಮಾಡಿ ಅದರಿಂದ ಬರುವ ಶಕ್ತಿಯಲ್ಲೇ ಜೀವಿಸುತ್ತದೆ. ಬರುವ ಶಕ್ತಿ ತೀರಾ ಕಮ್ಮಿ. ಅದಕ್ಕೇ ಒಂದಿಷ್ಟು ಬೆಳೆಯಬೇಕಾದರೆ ರಾಶಿ ಕಬ್ಬಿಣ ತುಕ್ಕು ಮಾಡಬೇಕು. ಜೀವಿ ಕಣ್ಣಿಗೆ ಕಾಣುವುದಿಲ್ಲ, ತುಕ್ಕು ಮಾತ್ರ ಕಾಲುವೆ ತುಂಬ.

ಇಲ್ಲಿ ಅದಕ್ಕೊಂದು ಕಷ್ಟ ಇದೆ. ಮೈಸುತ್ತ ತುಕ್ಕು ಕಟ್ಟಿದರೆ ಒಳಗೇ ಹೂತುಹೋಗುತ್ತದೆ. ಅದಕ್ಕೆ ಗ್ಯಾಲಿಯೊನೆಲ್ಲ ತನ್ನ ಒಂದು ಮಗ್ಗುಲಿಂದ ತೆಳ್ಳನೆಯ ಎಳೆಗಳನ್ನು ಹೊರಹಾಕುತ್ತದೆ, ತುಕ್ಕೆಲ್ಲ ಆ ಎಳೆಗೆ ಕೂರುತ್ತದೆ. ಜೀವಿ ತಿರುಗುತ್ತಾ ಮುಂದೆ ಸಾಗುವುದರಿಂದ ಎಳೆಗಳು ಹೊಸೆದುಕೊಂಡು ಸುರುಳಿ ಆಗುತ್ತವೆ. ಲೆಪ್ಟೋಥ್ರಿಕ್ಸ್ ಅನ್ನುವ ಇನ್ನೊಂದು ತನ್ನ ಸುತ್ತ ಸಣ್ಣ ಕೊಳವೆ ಕಟ್ಟಿಕೊಂಡು, ಅದಕ್ಕೆ ತುಕ್ಕು ಮೆತ್ತಿದ ಮೇಲೆ ಅದನ್ನು ಬಿಟ್ಟು ಹೊರಟುಹೋಗುತ್ತದೆ. ಕಪಿಲೆ ಅವರೆ, ಸುಮ್ನೆ ಗಾಳಿಯಿಂದ ಆದ ತುಕ್ಕಿಗೆ ಆಕಾರ ಇರುವುದಿಲ್ಲ, ಪುಡಿ ಪುಡಿ ಉಂಡೆ ಅಷ್ಟೆ. ಇದರಲ್ಲಿ ಹೊಸೆದ ಎಳೆ, ಟೊಳ್ಳು ಕೊಳವೆ ಕಂಡರೆ ಯಾರು ಮಾಡಿದ್ದು ಅಂತ ಗೊತ್ತಾಗುತ್ತದೆ. ನಾಲೆಬದು ಅವರ ಮಗಳು ಕಾಲೇಜಿನ ಮೈಕ್ರೋಸ್ಕೋಪಿನಲ್ಲೇ ನೋಡಬಹುದು. ಒಂದು ಹನಿ ಗಾಜಿನ ಮೇಲಿಟ್ಟು 400 ಪಟ್ಟು ದೊಡ್ಡದು ಮಾಡಿದರೆ ಸಾಕು.

ಕೊಳವೆಯ ವಿಷಯಕ್ಕೆ ಬರೋಣ. ಭತ್ತದ ಪೈರು ಕಿತ್ತಾಗ ಬೇರು ಕೆಂಪಗೆ ಇರುತ್ತದೆ ಅಲ್ವಾ? ಭತ್ತದ ಬೇರು, ಜೊಂಡಿನ ಬೇರು ನೀರಲ್ಲಿ ಉಸಿರುಕಟ್ಟದ ಹಾಗೆ ಎಲೆಯಿಂದ ಗಾಳಿಯನ್ನು ಕೆಳಗೆ ಸಾಗಿಸುತ್ತವೆ. ಸ್ವಲ್ಪ ಆಮ್ಲಜನಕ ಬೇರಿನಿಂದ ಸುತ್ತಲಿನ ಕೆಸರಿಗೂ ಸೋರುತ್ತದೆ. ಕೆಸರಿನಲ್ಲಿ ಕರಗಿದ್ದ ಕಬ್ಬಿಣ ಅಲ್ಲೇ, ಬೇರಿನ ಸುತ್ತಲೇ ತುಕ್ಕಾಗಿ ಕೂರುತ್ತದೆ. ಇಲ್ಲೂ ಈ ಬ್ಯಾಕ್ಟೀರಿಯಾ ಜೊತೆಗಿರುತ್ತವೆ. ಬೇರು ಸತ್ತು ಕೊಳೆತ ಮೇಲೂ ಆ ತೂತಿನಲ್ಲಿ ಗಾಳಿ, ನೀರು ಓಡಾಡುತ್ತದೆ. ಪದರದ ಮೇಲೆ ಪದರ ಕೂರುತ್ತದೆ. ಮೊದಲು ಬಿದ್ದ ಮೆತ್ತಗಿನ ತುಕ್ಕು ಕಾಲ ಕಳೆದ ಹಾಗೆ ಗೋಥೈಟ್ ಅನ್ನುವ ಗಟ್ಟಿ ಖನಿಜವಾಗುತ್ತದೆ. ನಿಮ್ಮ ಕೈಗೆ ಸಿಕ್ಕಿದ ಕಂದು ಕೊಳವೆ ಹೀಗೆ ಆದದ್ದು. ಕಿರುಬೆರಳ ದಪ್ಪ ಅಂದರೆ ಭತ್ತದ ಬೇರಲ್ಲ, ಜೊಂಡೋ ಮರವೋ ಇದ್ದಿರಬೇಕು.

ಇನ್ನೂ ಒಂದು ಹೇಳಿಬಿಡುತ್ತೇನೆ. ಗದ್ದೆಯ ಕೆಸರು ಕೆಲವೊಮ್ಮೆ ಕಪ್ಪಗೆ ಇದ್ದು ಕೊಳೆತ ಮೊಟ್ಟೆ ವಾಸನೆ ಹೊಡೆಯುತ್ತದೆ. ಅದು ಗಂಧಕದ ಲವಣ, ಅಂದರೆ ಸಲ್ಫೇಟನ್ನು ಉಸಿರಾಡುವ ಬ್ಯಾಕ್ಟೀರಿಯಾ ಕೆಲಸ. ಅವು ಬಿಡುವ ಅನಿಲ ಕಬ್ಬಿಣದ ಜೊತೆ ಸೇರಿ ಕಪ್ಪು ಸಲ್ಫೈಡ್ ಆಗುತ್ತದೆ, ಮುಂದೆ ಹಳದಿಯಾಗಿ ಹೊಳೆಯುವ ಪೈರೈಟ್ ಆಗಬಹುದು. ಸಮುದ್ರದ ತಳದ ಕೆಸರಿನಿಂದಾದ ಕಲ್ಲಿನಲ್ಲಿರುವ ಪೈರೈಟ್ ಬಹುಪಾಲು ಹೀಗೆಯೇ ಆದದ್ದು.

ನಾಲೆಬದು (ಮದ್ದೂರು ತಾಲ್ಲೂಕು)

ಮೇಡಂ, ಬೋರ್‌ಮೋಟಾರ್ ಅವರೆ, ಇಬ್ಬರಿಗೂ ನಮಸ್ಕಾರ.

ತಮ್ಮನನ್ನೂ ಮೇಲುಗಡೆ ಗದ್ದೆಯವರನ್ನೂ ಕರೆದುಕೊಂಡು ಹೋಗಿ ಎದುರಿಗೇ ಕಡ್ಡಿ ಚುಚ್ಚಿದೆ. ಪೊರೆ ಚೂರು ಚೂರಾಗಿ ಒಡೆಯಿತು, ಮತ್ತೆ ಕೂಡಲಿಲ್ಲ. ವಾಸನೆಯೂ ಇಲ್ಲ. ಪಕ್ಕದಲ್ಲೇ ಒಂದು ಬಕೆಟ್ಟಿನಲ್ಲಿ ಎರಡು ಹನಿ ಡೀಸೆಲ್ ಬಿಟ್ಟು ತೋರಿಸಿದೆ. ಅದು ಸೀಳಿದ ತಕ್ಷಣ ಕೂಡಿಕೊಂಡಿತು. ತಮ್ಮ ಪಂಚಾಯಿತಿ ಮಾತು ಬಿಟ್ಟ.

ಮಗಳು ಮೈಕ್ರೋಸ್ಕೋಪಿನಲ್ಲಿ ನೋಡಿದಳು. ಹೊಸೆದ ಎಳೆ ಅಲ್ಲಲ್ಲಿ, ಟೊಳ್ಳು ಕೊಳವೆ ರಾಶಿ ರಾಶಿ ಇವೆ ಅಂತ ಹೇಳಿದಳು. ಕ್ಲಾಸಿನವರೆಲ್ಲ ಸಾಲು ನಿಂತು ನೋಡಿದರಂತೆ.

ಎರಡು ಪ್ರಶ್ನೆ ಇದೆ. ಈ ಕಬ್ಬಿಣ ಬೆಳೆಗೆ ತೊಂದರೆ ಮಾಡುತ್ತದಾ? ತಗ್ಗಿನ ಮೂಲೆಯಲ್ಲಿ ಪೈರು ಪ್ರತಿ ಸಲ ಮಂಕಾಗಿರುತ್ತದೆ. ಎರಡನೆಯದು, ನಮ್ಮ ಮೇಲಿನ ಹೊಲದಲ್ಲಿ ಉಳುವಾಗ ಸುಣ್ಣದ ಕಲ್ಲು ಬರುತ್ತದೆ, ಗಂಟು ಗಂಟು, ಬೆಳ್ಳಗೆ. ಹಿಂದೆ ಅದನ್ನೇ ಆರಿಸಿ ಸುಟ್ಟು ಸುಣ್ಣ ಮಾಡುತ್ತಿದ್ದರಂತೆ. ಅದನ್ನೂ ಬ್ಯಾಕ್ಟೀರಿಯಾನೇ ಮಾಡಿದ್ದಾ?

ಹಸಿರುಕಾಳು (ಮಳವಳ್ಳಿ)

ಬೆಳೆ ಬಗ್ಗೆ ನಾನು ಹೇಳುತ್ತೇನೆ. ತಗ್ಗಿನ ಗದ್ದೆಯಲ್ಲಿ ಕರಗಿದ ಕಬ್ಬಿಣ ಜಾಸ್ತಿ ಆದರೆ ಭತ್ತಕ್ಕೆ ನಂಜಾಗುತ್ತದೆ. ಕೆಳಗಿನ ಎಲೆಗಳ ತುದಿಯಿಂದ ಸಣ್ಣ ಕಂದು ಚುಕ್ಕೆ ಶುರುವಾಗಿ ಇಡೀ ಎಲೆ ಕಂಚಿನ ಬಣ್ಣಕ್ಕೆ ತಿರುಗುತ್ತದೆ, ತೆಂಡೆ (ಬುಡದಿಂದ ಒಡೆಯುವ ಮರಿ ಪೈರು) ಕಮ್ಮಿ ಬರುತ್ತದೆ. ಪೊಟ್ಯಾಶ್ ಕೊರತೆ ಇದ್ದರೆ ಇನ್ನೂ ಕೆಡುತ್ತದೆ. ಯೂರಿಯಾ ಒಂದನ್ನೇ ಹಾಕುತ್ತಾ ಹೋಗಬೇಡಿ, ಪೊಟ್ಯಾಶ್ ಕೊಡಿ. ತೆಂಡೆ ಒಡೆಯುವ ಕಾಲದಲ್ಲಿ ಒಂದು ಸಲ ನೀರು ಬಸಿದು, ಮಣ್ಣಿನಲ್ಲಿ ಕೂದಲೆಳೆ ಬಿರುಕು ಕಾಣುವವರೆಗೆ ಬಿಟ್ಟು ಮತ್ತೆ ನೀರು ಕಟ್ಟಿ. ಗಾಳಿ ಹೋದರೆ ಕರಗಿದ ಕಬ್ಬಿಣ ಮತ್ತೆ ಗಟ್ಟಿಯಾಗುತ್ತದೆ, ಬೇರಿಗೆ ಸಿಗುವುದಿಲ್ಲ. ಅದಕ್ಕೂ ಮುಂಚೆ ಆ ಮೂಲೆಯ ಮಣ್ಣನ್ನು ಬೇರೆಯಾಗಿ ತೆಗೆದು ಮಂಡ್ಯದ ಕೃಷಿ ಸಂಶೋಧನಾ ಕೇಂದ್ರ, ಅದೇ ವಿ.ಸಿ. ಫಾರಂಗೆ ಒಯ್ದು ತೋರಿಸಿ. ಇಡೀ ಗದ್ದೆಯ ಮಣ್ಣು ಬೆರೆಸಿ ಕೊಟ್ಟರೆ ಆ ಮೂಲೆಯ ತೊಂದರೆ ಗೊತ್ತಾಗುವುದಿಲ್ಲ.

ಶಿಲಾಪದರ (ಕುವೆಂಪುನಗರ, ಮೈಸೂರು)

ಸುಣ್ಣದ ಕಲ್ಲಿನ ಪ್ರಶ್ನೆ ಕೇಳಿದ್ದು ಸಂತೋಷ. ಇದರಲ್ಲಿ ಪಾಲು ಹಂಚಬೇಕಾಗುತ್ತದೆ, ಎಲ್ಲ ಕೀರ್ತಿ ಬ್ಯಾಕ್ಟೀರಿಯಾಕ್ಕೆ ಕೊಡುವುದು ತಪ್ಪು.

ಬಂಡೆ ಸವೆದು ಸುಣ್ಣದ ಅಂಶ ನೀರಲ್ಲಿ ಕರಗುತ್ತದೆ. ಮಳೆ ಕಮ್ಮಿ ಇರುವ ಕಡೆ ನೀರು ಅದನ್ನು ಪೂರ್ತಿ ತೊಳೆದುಕೊಂಡು ಹೋಗುವುದಿಲ್ಲ, ಸ್ವಲ್ಪ ಆಳಕ್ಕೆ ಇಳಿದು ಅಲ್ಲೇ ಆರುತ್ತದೆ. ಬರೀ ಆರಿದರೂ ಸುಣ್ಣದ ಕಲ್ಲು ಆಗುತ್ತದೆ. ಆದರೆ ಆ ಗಂಟನ್ನು ತೆಳ್ಳಗೆ ಸೀಳಿ ಮೈಕ್ರೋಸ್ಕೋಪಿನಲ್ಲಿ ನೋಡಿದರೆ ಎಷ್ಟೋ ಸಲ ಬೇರಿನ ಕೋಶಗಳು ಸುಣ್ಣವಾಗಿ ನಿಂತಿರುವುದು, ಬೂಸ್ಟಿನ ಎಳೆಗಳ ಸುತ್ತ ಸೂಜಿಯಂಥ ಕ್ಯಾಲ್ಸೈಟ್, ಅಂದರೆ ಸುಣ್ಣದ ಖನಿಜದ ಹರಳು ಬೆಳೆದಿರುವುದು ಕಾಣುತ್ತದೆ. ಜೀವಿಗಳು ಎರಡು ರೀತಿ ನೆರವಾಗುತ್ತವೆ. ಒಂದು, ಸುತ್ತಲಿನ ನೀರಿನ ಹುಳಿ ಗುಣ ತೆಗೆದು ಕ್ಷಾರ ಮಾಡುತ್ತವೆ, ಆಗ ಸುಣ್ಣ ಕರಗಿರಲು ಆಗುವುದಿಲ್ಲ. ಇನ್ನೊಂದು, ಬ್ಯಾಕ್ಟೀರಿಯಾದ ಮೈಮೇಲೆ ಋಣ ವಿದ್ಯುತ್ ಇರುತ್ತದೆ, ಕ್ಯಾಲ್ಸಿಯಂ ಧನ, ಅದು ಬಂದು ಅಂಟಿಕೊಳ್ಳುತ್ತದೆ. ಹರಳು ಶುರುವಾಗಲು ಒಂದು ಜಾಗ ಬೇಕು, ಆ ಜಾಗ ಈ ಜೀವಿಯ ಮೈ.

ಆಫ್ರಿಕಾದಲ್ಲಿ ಇರೋಕೊ ಅನ್ನುವ ಮರ ಇದೆ. ಅದರ ಎಲೆ, ತೊಗಟೆಯಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಹರಳು ತುಂಬಿರುತ್ತದೆ. ಎಲೆ ಉದುರಿ ಕೊಳೆತಾಗ ಬೂಸ್ಟು ಅದನ್ನು ಬಿಡಿಸುತ್ತದೆ, ಬ್ಯಾಕ್ಟೀರಿಯಾ ಆ ಆಕ್ಸಲೇಟನ್ನು ತಿನ್ನುತ್ತದೆ. ಉಳಿಯುವುದು ಸುಣ್ಣದ ಕಲ್ಲು. ಸುಣ್ಣವೇ ಇಲ್ಲದ ಹುಳಿ ಮಣ್ಣಿನಲ್ಲಿ ಮರದ ಬುಡದಲ್ಲಿ ಮಾತ್ರ ಸುಣ್ಣದ ಕಲ್ಲು! ನನಗೆ ಇದನ್ನು ಓದಿದಾಗ ಆದ ಖುಷಿ ಇನ್ನೂ ಹೋಗಿಲ್ಲ.

ನೀವು ಗದ್ದೆಗೆ ಹಾಕುವ ಯೂರಿಯಾ ಕೂಡ ಈ ಕಥೆಯಲ್ಲಿ ಬರುತ್ತದೆ. ಸ್ಪೋರೋಸಾರ್ಸಿನ ಪಾಶ್ಚುರಿ ಅನ್ನುವ ಮಣ್ಣಿನ ಬ್ಯಾಕ್ಟೀರಿಯಾ ಯೂರಿಯಾವನ್ನು ಒಡೆದು ಅಮೋನಿಯಾ, ಕಾರ್ಬೊನೇಟ್ ಮಾಡುತ್ತದೆ. ನೀರು ಕ್ಷಾರವಾಗುತ್ತದೆ, ಅಲ್ಲಿ ಕ್ಯಾಲ್ಸಿಯಂ ಇದ್ದರೆ ಕ್ಯಾಲ್ಸೈಟ್ ಬಿದ್ದು ಮರಳಿನ ಕಣಗಳನ್ನು ಬೆಸೆಯುತ್ತದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಇಸ್ರೋ ಜೊತೆ ಸೇರಿ, ಈ ಬ್ಯಾಕ್ಟೀರಿಯಾ, ಯೂರಿಯಾ, ಗೋರಿಕಾಯಿ ಬೀಜದ ಅಂಟು ಬಳಸಿ, ಚಂದ್ರನ ಮಣ್ಣನ್ನು ಹೋಲುವ ಪುಡಿಯಿಂದ ಇಟ್ಟಿಗೆ ಮಾಡಿ 2020ರಲ್ಲಿ ತೋರಿಸಿದರು. 2022ರಲ್ಲಿ ಮಂಗಳ ಗ್ರಹದ ಮಣ್ಣನ್ನು ಹೋಲುವ ಪುಡಿಯಿಂದಲೂ ಮಾಡಿದರು. ಗೂಡಿನಲ್ಲಿ ಸುಡುವ ಕೆಲಸ ಇಲ್ಲ.

ಕಪಿಲೆ (ನಂಜನಗೂಡು)

ಮೇಡಂ, ಎಳೆಯ ಆಕಾರದ ಮಾತು ಒಪ್ಪುತ್ತೇನೆ, ಅದು ಸಾಕ್ಷಿ. ಹಾಗಾದರೆ ನಮ್ಮ ಸುತ್ತಲಿನ ಬೆಟ್ಟ ಗುಡ್ಡದಲ್ಲಿ ಇವುಗಳ ಪಾಲು ಎಷ್ಟು? ಚಾಮುಂಡಿ ಬೆಟ್ಟ? ಕುಂತಿಬೆಟ್ಟ?

ಶಿಲಾಪದರ (ಕುವೆಂಪುನಗರ, ಮೈಸೂರು)

ಆ ಬೆಟ್ಟಗಳ ಬಂಡೆ ಹುಟ್ಟಿದ್ದರಲ್ಲಿ ಇವುಗಳ ಪಾಲು ಏನೂ ಇಲ್ಲ. ಚಾಮುಂಡಿ ಬೆಟ್ಟದ ಗ್ರಾನೈಟ್ ಕರಗಿದ ಶಿಲೆ ಆರಿ ಆದದ್ದು, ನೂರಾರು ಡಿಗ್ರಿ ಶಾಖದಲ್ಲಿ. ಇದುವರೆಗೆ ಗೊತ್ತಿರುವ ಜೀವಿಗಳಲ್ಲಿ ಅತಿ ಹೆಚ್ಚು ಶಾಖ ತಾಳುವುದು ಬೆಳೆಯುವುದೇ 122 ಡಿಗ್ರಿವರೆಗೆ. ಮೈಸೂರು ತಾಲ್ಲೂಕಿನ ದೊಡ್ಡಕಾನ್ಯದ ಕಡೆ ಬಿಳಿ ಮ್ಯಾಗ್ನಸೈಟ್ ಗಣಿ ಇತ್ತು. ಮೆಗ್ನೀಷಿಯಂ ಜಾಸ್ತಿ ಇರುವ ಬಂಡೆ ಬದಲಾಗಿ ಆದ ಖನಿಜ ಅದು. ಅದನ್ನು ಬ್ಯಾಕ್ಟೀರಿಯಾ ಖಾತೆಗೆ ಬರೆಯುವುದಿಲ್ಲ.

ಆದರೆ ಚಿತ್ರದುರ್ಗ ಜಿಲ್ಲೆಯ ಭೀಮಸಮುದ್ರಕ್ಕೆ ಹೋದರೆ ಬೇರೆ ಮಾತು. ಅಲ್ಲಿನ ಸುಣ್ಣಶಿಲೆಯಲ್ಲಿ ಸ್ಟ್ರೊಮ್ಯಾಟೊಲೈಟ್ ಇದೆ. ಆಳವಿಲ್ಲದ ಸಮುದ್ರದ ತಳದಲ್ಲಿ ಸೂಕ್ಷ್ಮಜೀವಿಗಳ ಹಾಸು ಬೆಳೆದು, ಅದರ ಮೇಲೆ ಸುಣ್ಣ ಕೂತು, ಮತ್ತೆ ಹಾಸು ಬೆಳೆದು ಆದ ಉಬ್ಬುಗಳು. 250 ಕೋಟಿ ವರ್ಷಕ್ಕೂ ಹಳೆಯವು.

ಎಚ್.ಡಿ. ಕೋಟೆ, ಸರಗೂರು ಕಡೆ 300 ಕೋಟಿ ವರ್ಷಕ್ಕೂ ಹಳೆಯ ಶಿಲೆಗಳಲ್ಲಿ ಕಬ್ಬಿಣದ ಪಟ್ಟೆ ಪಟ್ಟೆ ಕಲ್ಲು ಇದೆ. ಕುದುರೆಮುಖದಲ್ಲಿ ಅಗೆದು ತೆಗೆದ ಅದಿರೂ ಇದೇ ಜಾತಿ. ಆಗಿನ ಗಾಳಿಯಲ್ಲಿ ಆಮ್ಲಜನಕ ಇರಲಿಲ್ಲ ಅನ್ನಬಹುದು, ಸಮುದ್ರದ ತುಂಬ ಕರಗಿದ ಕಬ್ಬಿಣ. ಅದು ತುಕ್ಕಾಗಿ ತಳಕ್ಕೆ ಬೀಳಲು ಸೂಕ್ಷ್ಮಜೀವಿಗಳು ಕಾರಣ ಅಂತ ಅನೇಕ ವಿಜ್ಞಾನಿಗಳು ಹೇಳುತ್ತಾರೆ. 1993ರಲ್ಲಿ ಜರ್ಮನಿಯವರು, ಆಮ್ಲಜನಕವೇ ಇಲ್ಲದೆ ಬರೀ ಬೆಳಕಿನ ಬಲದಿಂದ ಕಬ್ಬಿಣವನ್ನು ತುಕ್ಕಾಗಿಸುವ ಬ್ಯಾಕ್ಟೀರಿಯಾವನ್ನು ವಿವರಿಸಿದ ಮೇಲೆ ಈ ಮಾತಿಗೆ ಬಲ ಬಂತು. ಆದರೆ ಆ ಹಳೆಯ ಶಿಲೆ ಕಾದು, ಒತ್ತಡಕ್ಕೆ ಸಿಕ್ಕಿ ಪೂರ್ತಿ ಬದಲಾಗಿದೆ. ನಾಲೆಬದು ಅವರ ಲೋಳೆಯಲ್ಲಿ ಕಂಡಂಥ ಎಳೆ ಅದರಲ್ಲಿ ಹುಡುಕಲು ಹೋಗಬೇಡಿ. ಅದಕ್ಕೇ ಈ ಕಾಲುವೆ ನನಗೆ ಮುಖ್ಯ. ಕೆಲಸ ಇನ್ನೂ ನಡೆಯುತ್ತಿರುವಾಗಲೇ ನೋಡಬಹುದು.

ನಾಲೆಬದು ಅವರೆ, ಮಗಳಿಗೆ ಇನ್ನೆರಡು ಪರೀಕ್ಷೆ. ಸುಣ್ಣದ ಕಲ್ಲಿನ ಮೇಲೆ ಎರಡು ಹನಿ ವಿನೆಗರ್ ಬಿಡಲಿ, ಗುಳ್ಳೆ ಬರಬೇಕು. ಕಂದು ಕೊಳವೆಗೆ ಬಿಟ್ಟರೆ ಬರಬಾರದು. ಕೊಳವೆಯ ಒಂದು ಚೂರನ್ನು ಪುಡಿ ಮಾಡಿ, ಹಳೇ ಕಬ್ಬಿಣದ ಸೌಟಿನಲ್ಲಿ ಹಾಕಿ ಕೆಂಡದ ಮೇಲೆ ಚೆನ್ನಾಗಿ ಕಾಯಿಸಲಿ. ಗೋಥೈಟ್ ಆಗಿದ್ದರೆ ಒಳಗಿನ ನೀರಿನಂಶ ಹೋಗಿ ಹೆಮಟೈಟ್ ಅನ್ನುವ ಇನ್ನೊಂದು ಕಬ್ಬಿಣದ ಖನಿಜ ಆಗುತ್ತದೆ, ಕಂದು ಹೋಗಿ ಕೆಂಪು ಬರುತ್ತದೆ. ದೊಡ್ಡವರು ಜೊತೆಗಿರಿ.

ನಾಲೆಬದು (ಮದ್ದೂರು ತಾಲ್ಲೂಕು)

ಕಾಯಿಸಿ ನೋಡಿದೆವು ಮೇಡಂ, ಇಟ್ಟಿಗೆ ಪುಡಿ ಬಣ್ಣಕ್ಕೆ ತಿರುಗಿತು. ವಿನೆಗರಿಗೆ ಸುಣ್ಣದ ಕಲ್ಲು ಗುಳ್ಳೆ ಬಿಟ್ಟಿತು, ಕೊಳವೆ ಬಿಡಲಿಲ್ಲ. ಮೂಲೆಯ ಮಣ್ಣನ್ನು ಬೇರೆ ಚೀಲದಲ್ಲಿ ಕಟ್ಟಿಟ್ಟಿದ್ದೇನೆ, ವಿ.ಸಿ. ಫಾರಂಗೆ ಒಯ್ಯುತ್ತೇನೆ. ಕಾಲುವೆಯಿಂದ ಎತ್ತಿದ ಕೆಂಪು ಹೂಳನ್ನು ಗದ್ದೆಗೇ ಹರಡಬಹುದಾ?

ಶಿಲಾಪದರ (ಕುವೆಂಪುನಗರ, ಮೈಸೂರು)

ಗದ್ದೆಗೆ ಬೇಡ, ನೀರು ಕಟ್ಟಿದರೆ ಆ ತುಕ್ಕು ಮತ್ತೆ ಕರಗಿ ಅದೇ ಮೂಲೆಗೆ ಇಳಿಯುತ್ತದೆ. ಒಣಗಿರುವ ಬದುವಿನ ಮೇಲೆ, ಇಲ್ಲವೇ ನೀರು ನಿಲ್ಲದ ಹೊಲಕ್ಕೆ ಹಾಕಿ. ಒಂದು ಕೊಳವೆಯನ್ನು ಅಡ್ಡಕ್ಕೆ ಮುರಿದು, ಮುರಿದ ಮುಖವನ್ನು ಒದ್ದೆ ಮಾಡಿ ಹತ್ತಿರದಿಂದ ಫೋಟೊ ತೆಗೆದು ಇಲ್ಲಿ ಹಾಕಿ. ಪದರ ಹೇಗೆ ಕೂತಿದೆ ಅಂತ ನೋಡಿದರೆ ಬೇರಿನ ದಪ್ಪ ಎಷ್ಟಿತ್ತು ಅಂತ ಹೇಳಬಹುದು.